ಹೊಸ ದೀಪ ಬೇಡ, ಇರುವ ದೀಪವನ್ನೇ ಮೇಲಕ್ಕೆ ಏರಿಸಿ

ತೀರ್ಥಹಳ್ಳಿಯಿಂದ, ನೀರೊಳಗೆ ಗಿಡ ಬೆಳೆಸುವ ಅಕ್ವೇರಿಯಂ ಟ್ಯಾಂಕಿನ ಫೋಟೋ ಹಾಕಿದವರಿಗೆ ಈ ಉತ್ತರ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್. 50 ವಾಟ್ ಎಲ್‌ಇಡಿ ಫ್ಲಡ್ ಲೈಟ್. ನೀರಿಗೂ ದೀಪಕ್ಕೂ 10 ಸೆಂಟಿಮೀಟರ್, ದಿನಕ್ಕೆ 12 ಗಂಟೆ, ಗಿಡಕ್ಕೆ ಸಿಒಟು (ಕಾರ್ಬನ್ ಡೈಆಕ್ಸೈಡ್ ಅನಿಲ) ಕೊಡುತ್ತಿಲ್ಲ. ಎತ್ತರದ ರೊಟಾಲಾ ಗಿಡದ ತುದಿಗೆಲ್ಲ ಹೇರ್ ಆಲ್ಗೆ (ಕೂದಲಿನಂಥ ಪಾಚಿ), ತುದಿಗೇ ಯಾಕೆ ಅಂತ ಕೇಳಿದ್ದೀರಿ. ಕೆಳಗಡೆ ತಳದ ಹುಲ್ಲಾದ ಹೇರ್‌ಗ್ರಾಸ್ ಮಾತ್ರ ಹಬ್ಬುತ್ತಿಲ್ಲ. ಬೆಳಕು ಸಾಲುತ್ತಿಲ್ಲ ಅಂತ ಈಗ ನೇರಳೆ ಬಣ್ಣದ ಗ್ರೋ ಲೈಟ್ ಒಂದನ್ನು ಆರ್ಡರ್ ಮಾಡಲು ಹೊರಟಿದ್ದೀರಿ.

ದಯವಿಟ್ಟು ಮಾಡಬೇಡಿ. ಈ ದಾರಿಯಲ್ಲಿ ನಾನು ಹೋಗಿ ಬಂದಿದ್ದೇನೆ. ಎರಡನೇ ದೀಪ ಬಂದ ಮೇಲೆ ಪಾಚಿ ಗಾಜಿಗೂ ಹತ್ತಿತು, ಹುಲ್ಲು ಇದ್ದಲ್ಲೇ ಇತ್ತು.

ನಿಮ್ಮ ಟ್ಯಾಂಕಿನಲ್ಲಿ ಬೆಳಕು ಕಡಿಮೆ ಇಲ್ಲ, ಮೇಲೆ ವಿಪರೀತ ಇದೆ, ಕೆಳಗೆ ಅಷ್ಟಿಲ್ಲ. ಫ್ಲಡ್ ಲೈಟಿನ ಚಿಪ್ ಚಿಕ್ಕದು, ಒಂದೇ ಕಡೆಯಿಂದ ಬೆಳಕು ಹರಡುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ನೀರಿನ ಮೇಲ್ಮೈ ದೀಪದಿಂದ 10 ಸೆಂಟಿಮೀಟರ್, ತಳದ ಹುಲ್ಲು 35. ಲೆಕ್ಕ ಹಾಕಿದರೆ ತುದಿಗೆ ಬೀಳುವ ಬೆಳಕು ತಳಕ್ಕೆ ಬೀಳುವುದರ 12 ಪಟ್ಟು. ಅದೇ ದೀಪವನ್ನು ನೀರಿನಿಂದ 30 ಸೆಂಟಿಮೀಟರ್ ಮೇಲೆ ಕಟ್ಟಿ. ಆಗ ವ್ಯತ್ಯಾಸ ಮೂರೂವರೆ ಪಟ್ಟಿಗೆ ಇಳಿಯುತ್ತದೆ. ಗಾಜಿನ ಗೋಡೆ ಒಳಕ್ಕೆ ಪ್ರತಿಫಲಿಸುವ ಬೆಳಕು ಬೇರೆ ಇರುತ್ತದೆ, ಹಾಗಾಗಿ ಇದು ಅಂದಾಜು. ಆದರೆ ರೊಟಾಲಾ ತುದಿಗೆ ಮಾತ್ರ ಪಾಚಿ ಯಾಕೆ ಅಂತ ಕೇಳಿದ್ದಿರಲ್ಲ, ಉತ್ತರ ಇಲ್ಲೇ ಇದೆ.

ಏರಿಸಿದರೆ ತಳಕ್ಕೂ ಬೆಳಕು ಕಡಿಮೆಯಾಗುವುದಿಲ್ಲವಾ? ಆಗುತ್ತದೆ, ಸುಮಾರು 40 ಪರ್ಸೆಂಟಿಗೆ ಬರುತ್ತದೆ. ಅಂದರೆ 20 ವಾಟ್ ದೀಪವನ್ನು ಹತ್ತಿರ ಇಟ್ಟಷ್ಟೇ ಬೆಳಕು ತಳಕ್ಕೆ. ಸಿಒಟು ಇಲ್ಲದ ಟ್ಯಾಂಕಿಗೆ ಅಷ್ಟು ಧಾರಾಳ ಸಾಕು. ಸಿಒಟು ಇಲ್ಲದಾಗ ಗಿಡ ಒಂದು ಮಟ್ಟಕ್ಕಿಂತ ಜಾಸ್ತಿ ಬೆಳಕನ್ನು ಬಳಸಿಕೊಳ್ಳಲಾರದು, ಉಳಿದದ್ದು ಪಾಚಿಗೆ ಹೋಗುತ್ತದೆ. ಹೇರ್‌ಗ್ರಾಸ್ ಆಗಲಿ ನೆಲಕ್ಕೆ ಹಬ್ಬುವ ಮಾಂಟೆ ಕಾರ್ಲೋ ಗಿಡ ಆಗಲಿ ಸಿಒಟು ಇಲ್ಲದೆ ನಿಧಾನವೇ. ದೀಪ ಜಾಸ್ತಿ ಮಾಡಿ ಅದನ್ನು ಓಡಿಸಲು ಆಗುವುದಿಲ್ಲ.

ಕಟ್ಟುವುದಕ್ಕೆ ಸ್ಟ್ಯಾಂಡ್ ಕೊಳ್ಳಬೇಕಿಲ್ಲ. ತೊಲೆಗೆ ಕೊಕ್ಕೆ ಹಾಕಿ, ತೆಳುವಾದ ಕಬ್ಬಿಣದ ಸರಪಳಿ ಇಳಿಬಿಡಿ. ಹಗ್ಗ ಬೇಡ, ಸರಪಳಿಯೇ ಯಾಕೆಂದರೆ ಒಂದೊಂದೇ ಕೊಂಡಿ ಬಿಟ್ಟು ಏರಿಸಬಹುದು, ಇಳಿಸಬಹುದು. ನನ್ನ ಟ್ಯಾಂಕಿನಲ್ಲಿ ಡಿಮ್ಮರ್ ಅಂದರೆ ಈ ಸರಪಳಿಯೇ. ಗಾಜಿನ ಮೇಲೆ ಹಸಿರು ಚುಕ್ಕೆ ಬೇಗ ಬೇಗ ಬಂದರೆ ಎರಡು ಕೊಂಡಿ ಮೇಲೆ. ಗಿಡದ ಗೆಣ್ಣು ಗೆಣ್ಣಿನ ನಡುವೆ ಅಂತರ ಜಾಸ್ತಿಯಾಗಿ, ಕೆಳಗಿನ ಎಲೆ ಉದುರಲು ಶುರುವಾದರೆ ಒಂದು ಕೊಂಡಿ ಕೆಳಗೆ. ಒಮ್ಮೆ ಬದಲಿಸಿದ ಮೇಲೆ ಎರಡು ಮೂರು ವಾರ ಸುಮ್ನೆ ಬಿಡಿ. ಗಿಡ ಒಗ್ಗಿಕೊಳ್ಳಲು ಸಮಯ ಬೇಕು. ದಿನಾ ಬದಲಿಸುವವರಿಗೆ ಯಾವುದರಿಂದ ಏನಾಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

ಬೆಳಕು ಕೋಣೆಗೆಲ್ಲ ಚೆಲ್ಲಿ ಕಣ್ಣಿಗೆ ಹೊಡೆಯುತ್ತದೆ ಅನ್ನಿಸಿದರೆ ಬಿಳಿ ಸನ್‌ಬೋರ್ಡಿನ ತುಂಡನ್ನು ಎರಡೂ ಕಡೆ ಇಳಿಬಿಡಿ. ಯಾರೋ ಕಾಮೆಂಟಿನಲ್ಲಿ ಅಡಿಕೆ ಹಾಳೆ ಕಟ್ಟಿ ಅಂದಿದ್ದಾರೆ. ಬೇಡ. ಮಳೆಗಾಲದಲ್ಲಿ ಬೂಷ್ಟು ಹಿಡಿದು ಪುಡಿಪುಡಿಯಾಗಿ ನೀರಿಗೇ ಬೀಳುತ್ತದೆ. ಫ್ಲಡ್ ಲೈಟಿನ ಮೈ ಬೇರೆ ಬಿಸಿಯಾಗುತ್ತದೆ, ಹಾಳೆ ತಾಗಿಸುವ ವಸ್ತುವಲ್ಲ.

ಇನ್ನು ಗಂಟೆ. 12 ಗಂಟೆ ಯಾರು ಹೇಳಿದರು ನಿಮಗೆ? 6 ಗಂಟೆಗೆ ಇಳಿಸಿ. ಪಾಚಿ ನಿಂತ ಮೇಲೆ 7, ಆಮೇಲೆ ಬೇಕಿದ್ದರೆ 8. ಸಂಜೆ ಮನೆಯಲ್ಲಿ ಇರುವವರು ಮಧ್ಯಾಹ್ನದ ಮೇಲೆ ಹಚ್ಚಿ, ನೋಡಲೂ ಸಿಗುತ್ತದೆ. ಟೈಮರ್ ವಿಷಯದಲ್ಲಿ ಮಲೆನಾಡಿನವರು ಒಂದು ಮಾತು ಕೇಳಿ: ಹಲ್ಲು ಒತ್ತುವ ಗಿರಗಿಟ್ಟೆ ಟೈಮರ್ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಆಗುಂಬೆ, ಹೊಸನಗರ ಕಡೆ ಜುಲೈಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಿಕ್ಕಾಗದು. ಟೈಮರ್ ಹಿಂದೆ ಬಿದ್ದು ಬಿದ್ದು ಕೊನೆಗೆ ಮಧ್ಯರಾತ್ರಿ ದೀಪ ಉರಿಯುತ್ತಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಗೊಳ್ಳಿ. ದೀಪವನ್ನು ಇನ್ವರ್ಟರಿಗೆ ಹಾಕಬೇಡಿ. ಒಂದು ದಿನ ಕತ್ತಲಿದ್ದರೆ ಗಿಡಕ್ಕೆ ಏನೂ ಆಗದು. ಇನ್ವರ್ಟರ್ ಬೇಕಾದದ್ದು ಫಿಲ್ಟರಿಗೆ, ಏರ್ ಪಂಪಿಗೆ.

ಹೊಸದಾಗಿ ದೀಪ ಕೊಳ್ಳುವವರೂ ಕೇಳಿದ್ದಾರೆ, ಅವರಿಗೆ. ಈ ಅಳತೆಯ ಟ್ಯಾಂಕಿಗೆ 20 ವಾಟ್, 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕು), ಐಪಿ 65 (ನೀರು ಸಿಡಿದರೂ ಒಳಗೆ ಹೋಗದ) ಫ್ಲಡ್ ಸಾಕು. ಗ್ಯಾಲನ್‌ಗೆ ಇಷ್ಟು ವಾಟ್ ಅನ್ನುವ ಹಳೇ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು, ಎಲ್‌ಇಡಿಗೆ ಹೊಂದುವುದಿಲ್ಲ. ಲ್ಯೂಮೆನ್ ನೋಡಿ, ಅಂದರೆ ದೀಪ ಕೊಡುವ ಒಟ್ಟು ಬೆಳಕಿನ ಅಳತೆ. ಲೀಟರಿಗೆ 20ರಿಂದ 40 ಲ್ಯೂಮೆನ್ ಅಂದರೆ ಮಧ್ಯಮ ಬೆಳಕು. ಸಿಒಟು ಇಲ್ಲದವರು ಅದರ ಕೆಳ ತುದಿಯಲ್ಲಿರಿ. ನಿಮ್ಮ ಟ್ಯಾಂಕ್ ಲೆಕ್ಕಕ್ಕೆ 54 ಲೀಟರ್, ಮಣ್ಣು ಕಲ್ಲು ಕಳೆದರೆ 45. 20 ವಾಟ್ ದೀಪ ಸುಮಾರು 2000 ಲ್ಯೂಮೆನ್ ಕೊಡುತ್ತದೆ, ಅದರಲ್ಲಿ ಒಂದಷ್ಟು ಹೊರಗೆ ಚೆಲ್ಲಿ ಹೋಗುತ್ತದೆ. ಲ್ಯೂಮೆನ್ ನಮ್ಮ ಕಣ್ಣಿನ ಅಳತೆ, ಗಿಡದ್ದಲ್ಲ, ನಿಜ. ಆದರೆ ಬಿಳಿ ದೀಪಗಳನ್ನು ಒಂದಕ್ಕೊಂದು ಹೋಲಿಸಲು ಇಷ್ಟು ಸಾಕು. ನೇರಳೆ ಗ್ರೋ ಲೈಟಿನಲ್ಲೂ ಗಿಡ ಬೆಳೆಯುತ್ತದೆ, ಸುಳ್ಳಲ್ಲ. ಆದರೆ ಅದರ ಕೆಳಗೆ ಹಸಿರು ಎಲೆ ಕಪ್ಪಗೆ ಕಾಣುತ್ತದೆ. ನೋಡಲಿಕ್ಕೇ ಅಲ್ವಾ ಟ್ಯಾಂಕ್ ಇಡುವುದು?

ಬೌಲ್ ಅಥವಾ 10-15 ಲೀಟರ್ ಟ್ಯಾಂಕಿಗೆ ಅದೂ ಬೇಡ. ಹೊಸ ಬೆಳಕು ಯೋಜನೆಯಲ್ಲಿ ಬಂದಿತ್ತಲ್ಲ, ಅಂಥ 9 ವಾಟ್ ಬಲ್ಬನ್ನು ಟೇಬಲ್ ಲ್ಯಾಂಪಿಗೆ ಹಾಕಿ ಎತ್ತರದಿಂದ ಬಿಡಿ. ಅನುಬಿಯಾಸ್, ಜಾವಾ ಫರ್ನ್, ಮಾಸ್ ಥರದ ಕಡಿಮೆ ಬೆಳಕು ಸಾಕಾಗುವ ಗಿಡಗಳು ಚೆನ್ನಾಗಿ ಬರುತ್ತವೆ.

ಬ್ರ್ಯಾಂಡ್ ಬಗ್ಗೆ ನನ್ನ ಅಭಿಪ್ರಾಯ. ಅಕ್ವೇರಿಯಂಗೆಂದೇ ಮಾಡಿದ ಚಿಹಿರೋಸ್, ಟ್ವಿನ್‌ಸ್ಟಾರ್, ವೀಕ್ ಆಕ್ವಾ ಒಳ್ಳೆಯವೇ. ಕೆಂಪು ಗಿಡದ ಬಣ್ಣ ಎದ್ದು ಕಾಣಬೇಕು, ಸಿಒಟು ಸಿಲಿಂಡರ್ ಇದೆ ಅನ್ನುವವರು ತಗೊಳ್ಳಲಿ. ಉಳಿದವರು ಫಿಲಿಪ್ಸ್, ಕ್ರಾಂಪ್ಟನ್, ಹ್ಯಾವೆಲ್ಸ್, ವಿಪ್ರೋ ಯಾವುದಾದರೂ ಸರಿ. ಬಿಲ್ ಕೊಟ್ಟು, ಕೆಟ್ಟರೆ ವಾಪಸ್ ತಗೊಳ್ಳುವ ಅಂಗಡಿ ಶಿವಮೊಗ್ಗದಲ್ಲೋ ನಿಮ್ಮೂರಲ್ಲೋ ಇದ್ದರೆ ಅದೇ ಒಳ್ಳೆ ಬ್ರ್ಯಾಂಡ್. ಡ್ರೈವರ್ (ಕರೆಂಟನ್ನು ದೀಪಕ್ಕೆ ತಕ್ಕಂತೆ ಹೊಂದಿಸಿ ಕೊಡುವ ಭಾಗ) ಬೇರೆಯಾಗಿರುವ ದೀಪ ಕೇಳಿ. ಚಿಪ್ ಇರುವ ಪ್ಲೇಟಿನಲ್ಲೇ ಎಲ್ಲ ಕೂರಿಸಿದ ಅಗ್ಗದವು ವೋಲ್ಟೇಜ್ ದಿಢೀರ್ ಏರಿದರೆ ಬೇಗ ಹೋಗುತ್ತವೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಯಾವ ಬ್ರ್ಯಾಂಡೂ ಲೆಕ್ಕಕ್ಕಿಲ್ಲ, ಪ್ಲಗ್ ಕಿತ್ತಿಡುವುದೇ ಸರಿ.

ಹೆಸರಿಲ್ಲದ ಡಬ್ಬಿಯ ಮೇಲೆ 200 ವಾಟ್ ಅಂತ ಬರೆದದ್ದನ್ನು ನಂಬಬೇಡಿ. ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ ನೋಡಿ. ಪಕ್ಕದಲ್ಲೇ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತದೆ. 3200 ಅಂತಿದ್ದರೆ, ಫ್ರಿಡ್ಜ್, ಇನ್ವರ್ಟರ್ ಸಮೇತ ಮನೆಯದ್ದೆಲ್ಲ ಆಫ್ ಮಾಡಿ, ಫ್ಲಡ್ ಮಾತ್ರ ಹಚ್ಚಿ, 15 ನಿಮಿಷ ಎಣಿಸಿ. ನಿಜವಾದ 50 ವಾಟ್ ಆದರೆ 40 ಮಿಣುಕು, 20 ವಾಟ್ ಆದರೆ 16. ಕೊಂಡ ದಿನವೇ ಮಾಡಿ, ವಾಪಸ್ ಕೊಡಲು ದಾರಿ ಇರುತ್ತದೆ.

ನಿಮ್ಮ ಫೋಟೋದಲ್ಲಿ ಕಂಡ ಒಂದು ಸಂಗತಿಗೆ ಸಿಟ್ಟೇ ಬಂತು. ದೀಪದ ಹಸಿರು ವೈರ್, ಅಂದರೆ ಅರ್ಥಿಂಗ್ ವೈರ್, ಕತ್ತರಿಸಿ ಎರಡು ಪಿನ್ ಪ್ಲಗ್ ಹಾಕಿದ್ದೀರಿ. ಲೋಹದ ಮೈಯ ದೀಪ, ಕೆಳಗೆ ನೀರು, ನೀರಲ್ಲಿ ಕೈ. ಇವತ್ತೇ ಮೂರು ಪಿನ್ ಹಾಕಿಸಿ, ಅರ್ಥಿಂಗ್ ಸರಿ ಇದೆಯಾ ನೋಡಿಸಿ. ಸಾಧ್ಯವಾದರೆ ಕರೆಂಟ್ ಸೋರಿದೊಡನೆ ತಾನೇ ಆಫ್ ಆಗುವ 30 ಮಿಲಿಆಂಪ್ಸ್ ಆರ್‌ಸಿಸಿಬಿ ಕೂರಿಸಿ. ಐಪಿ 65 ಅಂದರೆ ದೀಪದ ಡಬ್ಬಿಗೆ ಮಾತ್ರ, ನೀವು ಟೇಪ್ ಸುತ್ತಿದ ಜಾಯಿಂಟಿಗಲ್ಲ. ಮಳೆಗಾಲ ಕಳೆದ ಮೇಲೆ ಅಂಥ ಟೇಪ್ ಬಿಚ್ಚಿ ನೋಡಿ, ತಾಮ್ರದ ಎಳೆ ಹಸಿರು ಪುಡಿಯಾಗಿರುತ್ತದೆ. ಜಾಯಿಂಟ್ ಟ್ಯಾಂಕಿನಿಂದ ದೂರ, ಮುಚ್ಚಳವಿರುವ ಡಬ್ಬಿಯಲ್ಲಿರಲಿ. ವೈರ್ ಸಾಕೆಟ್‌ಗಿಂತ ಕೆಳಗೆ ಒಂದು ಬಾಗು ಬಾಗಿ ಆಮೇಲೆ ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಹೆಂಚಿನ ಮನೆಯವರು ಮಾಡಿನ ಗಾಜಿನ ಹೆಂಚನ್ನೂ ನೋಡಿ. ಮಳೆಗಾಲದಲ್ಲಿ ಏನೂ ತೊಂದರೆ ಇಲ್ಲ. ದೀಪಾವಳಿ ಕಳೆದ ಮೇಲೆ ಆ ಬಿಸಿಲಿನ ಚೌಕ ಜಾಗ ಬದಲಿಸಿ ನೇರ ಟ್ಯಾಂಕಿಗೆ ಬೀಳಬಹುದು. ಆಗ ದೀಪವನ್ನು ಎಷ್ಟು ಏರಿಸಿದರೂ ಪಾಚಿ ನಿಲ್ಲದು.

ರೊಟಾಲಾದ ಹೊಸ ಎಲೆ ಮುರುಟಿಕೊಂಡಿರುವುದೂ ಫೋಟೋದಲ್ಲಿ ಕಾಣುತ್ತಿದೆ. ಅದಕ್ಕೆ ಬೆಳಕಿನ ಮೇಲೆ ಅನುಮಾನ ಬೇಡ, ನೀರನ್ನು ನೋಡಿ. ಗುಡ್ಡದ ಅಬ್ಬಿ ನೀರು ಅಂದಿದ್ದೀರಿ. ನಮ್ಮ ಕಡೆ ಆ ನೀರು ತುಂಬಾ ಮೆದು, ಕ್ಯಾಲ್ಸಿಯಂ ಮೆಗ್ನೀಷಿಯಂ ಇರುವುದೇ ಅಷ್ಟಕ್ಕಷ್ಟೆ. ಮೊದಲು ಜಿಎಚ್ (ನೀರಿನ ಗಡಸುತನ) ಟೆಸ್ಟ್ ಮಾಡಿ. ಸೊನ್ನೆ ಹತ್ತಿರ ಇದ್ದರೆ 45 ಲೀಟರಿಗೆ ಕ್ಯಾಲ್ಸಿಯಂಗೆ ಅಂತ 3 ಗ್ರಾಂ ಜಿಪ್ಸಮ್, ಮೆಗ್ನೀಷಿಯಂಗೆ ಅಂತ 2 ಗ್ರಾಂ ಎಪ್ಸಮ್ ಸಾಲ್ಟ್ ಹಾಕಿದರೆ ಜಿಎಚ್ ಸುಮಾರು 3 ಡಿಗ್ರಿ ಏರುತ್ತದೆ. ಎರಡು ಮೂರು ದಿನದಲ್ಲಿ ಹಂಚಿ ಹಾಕಿ. ಆಮೇಲೆ ನೀರು ಬದಲಿಸುವಾಗ ಬದಲಿಸಿದಷ್ಟು ನೀರಿಗೆ ಮಾತ್ರ ಲೆಕ್ಕ. ತೋಟಕ್ಕೆ ತಂದ ಜಿಪ್ಸಮ್ ಬೇಡ, ಶುದ್ಧವಾದದ್ದು ತಗೊಳ್ಳಿ.

ತೋಟದ ಮಾತು ಬಂತು. ನೀರು ತುಂಬಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಕಲಸಿದ ಡ್ರಮ್ಮನ್ನಾಗಲಿ, ಔಷಧಿ ಹೊಡೆದ ಪೈಪನ್ನಾಗಲಿ ಬಳಸಬೇಡಿ. ಎಷ್ಟು ತೊಳೆದರೂ ಬೇಡ. ಮೈಲುತುತ್ತದ ತಾಮ್ರ ಸ್ವಲ್ಪ ಉಳಿದರೂ ಸೀಗಡಿ, ಬಸವನಹುಳ ಸಾಯುತ್ತವೆ. ಪಾಚಿ ತಿನ್ನಲು ಅಂತ ನೀವು ತರಬೇಕೆಂದಿರುವುದು ಸೀಗಡಿಯನ್ನೇ.

ಈಗ ಇರುವ ಹೇರ್ ಆಲ್ಗೆಯನ್ನು ಹಳೇ ಟೂತ್‌ಬ್ರಷ್‌ಗೆ ಸುತ್ತಿ ಎಳೆಯಿರಿ, ಹತ್ತಿದ ತುದಿಗಳನ್ನು ಕತ್ತರಿಸಿ ಬಿಸಾಡಿ, ಮೂರನೇ ಒಂದು ಭಾಗ ನೀರು ಬದಲಿಸಿ. ಆಮೇಲೆ ದೀಪ ಏರಿಸಿ. ಮೂರು ವಾರ ಬಿಟ್ಟು ಇದೇ ಕೋನದಿಂದ ಇನ್ನೊಂದು ಫೋಟೋ ಹಾಕಿ, ದೀಪದ ಎತ್ತರ ಮತ್ತು ಜಿಎಚ್ ಎಷ್ಟಿದೆ ಅಂತಲೂ ಬರೆಯಿರಿ. ಸರಪಳಿ ಏರಿಸಬೇಕಾ ಇಳಿಸಬೇಕಾ ಅಂತ ಆಗ ಹೇಳುತ್ತೇನೆ.