ಮಾವನ ಪಕ್ಕದ ಖಾಲಿ ಸೀಟು

ಪ್ರಶ್ನೆ: ನಾನು ದಾವಣಗೆರೆಯವನು. ವೈದ್ಯನಾಗಿ ವೇಲ್ಸ್‌ಗೆ ಬಂದು ಇಪ್ಪತ್ಮೂರು ವರ್ಷವಾಯಿತು. ಸ್ವಾನ್ಸೀ ಹತ್ತಿರದ ಕಣಿವೆಯ ಊರೊಂದರಲ್ಲಿ ವೃತ್ತಿ. ಹೆಂಡತಿ ಈ ಊರಿನವಳೇ. ನಮ್ಮ ಮದುವೆ ನಿಶ್ಚಯವಾದ ಹೊಸದರಲ್ಲಿ, 2005ರ ಮಾರ್ಚ್‌ನಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಮಾವ ನನ್ನನ್ನು ಕಾರ್ಡಿಫ್‌ಗೆ ಕರೆದುಕೊಂಡು ಹೋಗಿ ವೇಲ್ಸ್–ಐರ್ಲೆಂಡ್ ರಗ್ಬಿ ಪಂದ್ಯ ತೋರಿಸಿದರು. 1972ರಲ್ಲಿ ಲನೆಲ್ಲಿ ಕ್ಲಬ್ಬು ನ್ಯೂಜಿಲೆಂಡ್ ತಂಡವನ್ನು 9–3ರಿಂದ ಸೋಲಿಸಿದ್ದನ್ನು ಕಣ್ಣಾರೆ ಕಂಡವರು ಅವರು. ಅಂದಿನಿಂದ ಕಾರ್ಡಿಫ್‌ನ ಪಂದ್ಯಗಳಿಗೆ ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದೆವು. ಎರಡು ವರ್ಷಗಳಿಂದ ನನ್ನ ಮಗನೂ ಬರತೊಡಗಿದ್ದ, ಅವನಿಗೀಗ ಹನ್ನೆರಡು.

2025ರ ಮಾರ್ಚ್ 15ರಂದು ಇಂಗ್ಲೆಂಡ್ ನಮ್ಮ ಮೈದಾನದಲ್ಲೇ ನಮ್ಮನ್ನು 68–14ರಿಂದ ಸೋಲಿಸಿತು. ಅದು ಸತತ ಹದಿನೇಳನೆಯ ಸೋಲು. ಪಂದ್ಯದ ನಡುವೆಯೇ "ಮನೆಗೆ ಹೋಗೋಣ" ಎಂದ ಮಗನ ಮೇಲೆ ಎಲ್ಲರೆದುರು ಕೂಗಾಡಿದೆ. ಆಟವನ್ನು ಈ ಗತಿಗೆ ತಂದ ವೆಲ್ಷ್ ರಗ್ಬಿ ಯೂನಿಯನ್ನಿಗೆ ಇನ್ನು ನನ್ನ ಒಂದು ಪೌಂಡೂ ಸಲ್ಲಬಾರದೆಂದು ಅಂದೇ ನಿರ್ಧರಿಸಿದೆ. ನವೆಂಬರ್‌ನ ಪಂದ್ಯಗಳಿಗೆ ಹೋಗಲಿಲ್ಲ. ಮಾವನೂ ಒಬ್ಬರೇ ಹೋಗಲಾರದೆ ಮನೆಯಲ್ಲೇ ಟಿ.ವಿ. ನೋಡಿದರು. ಜಪಾನ್ ವಿರುದ್ಧ 24–23ರಿಂದ ಗೆದ್ದ ಸಂಜೆ ಅವರು ಫೋನ್ ಮಾಡಿದಾಗ, "ಜಪಾನ್ ಮೇಲೆ ಒಂದು ಅಂಕದಿಂದ ಗೆದ್ದದ್ದಕ್ಕೂ ಹಬ್ಬ ಮಾಡಬೇಕೇ?" ಎಂದು ಫೋನ್ ಇಟ್ಟುಬಿಟ್ಟೆ. ಎರಡು ವಾರಕ್ಕೆ ದಕ್ಷಿಣ ಆಫ್ರಿಕಾ ನಮ್ಮನ್ನು 73–0ರಿಂದ ಸೋಲಿಸಿತು. ನನ್ನ ಮಾತೇ ನಿಜವಾಯಿತು. ಈಗ ಮಾವ ಊರಿನ ರಗ್ಬಿ ಕ್ಲಬ್ಬಿನ ಮೂಲಕ 2026ರ ಮಾರ್ಚ್‌ನ ಇಟಲಿ ಪಂದ್ಯಕ್ಕೆ ಮೂರು ಟಿಕೆಟ್ ತಂದಿಟ್ಟಿದ್ದಾರೆ. ಅವರಿಗೆ 78 ವರ್ಷ, ಮಂಡಿನೋವು ಬೇರೆ. "ಮುಂದಿನ ವರ್ಷ ಆ ಮೆಟ್ಟಿಲು ಹತ್ತಲಾರೆನೇನೋ" ಎನ್ನುತ್ತಾರೆ. ಹೋಗಲೇಬೇಕೆಂದು ಹೆಂಡತಿ ಹಟ ಹಿಡಿದಿದ್ದಾಳೆ. ನನ್ನ ನಿರ್ಧಾರವನ್ನು ಬಿಟ್ಟುಕೊಡಲೇ? ಯಾರದೋ ಸೋಲು ನನ್ನನ್ನು ಇಷ್ಟೊಂದು ಕಾಡುವುದಾದರೂ ಏಕೆ?

— ಹೆಸರು ಬೇಡ, ವೇಲ್ಸ್

ಉತ್ತರ: ಡಾಕ್ಟರೇ, "ಆಟ ತಾನೇ, ಬಿಟ್ಟುಬಿಡಿ" ಎಂದು ನಿಮಗೆ ಈಗಾಗಲೇ ಹಲವರು ಹೇಳಿರುತ್ತಾರೆ. ನಾನು ಹಾಗೆ ಹೇಳುವುದಿಲ್ಲ. 2019ರ ಆಗಸ್ಟ್‌ನಲ್ಲಿ ವಿಶ್ವ ಶ್ರೇಯಾಂಕದ ಮೊದಲ ಸ್ಥಾನದಲ್ಲಿದ್ದ ತಂಡವು, 2023ರ ಅಕ್ಟೋಬರ್‌ನಲ್ಲಿ ವಿಶ್ವಕಪ್‌ನಲ್ಲಿ ಜಾರ್ಜಿಯಾವನ್ನು ಸೋಲಿಸಿದ ಮೇಲೆ 2025ರ ಜುಲೈನಲ್ಲಿ ಕೋಬೆಯಲ್ಲಿ ಜಪಾನನ್ನು ಮಣಿಸುವವರೆಗೆ ಒಂದೇ ಒಂದು ಟೆಸ್ಟ್ (ಅಂತರರಾಷ್ಟ್ರೀಯ) ಪಂದ್ಯವನ್ನೂ ಗೆಲ್ಲದೆ ಹದಿನೆಂಟು ಬಾರಿ ಸತತವಾಗಿ ಸೋತಿತೆಂದರೆ, ಅದನ್ನು ಪ್ರೀತಿಸಿದವನಿಗೆ ನೋವಾಗದೆ ಇರುವುದಾದರೂ ಹೇಗೆ? 2005, 2008, 2012, 2019 ಎಂದು ನಾಲ್ಕು ಬಾರಿ ಎದುರಾದ ಐದೂ ತಂಡಗಳನ್ನು ಸೋಲಿಸಿ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದದ್ದನ್ನು ಕಂಡವರು ನೀವು. ಯೂರೋಪಿನ ಆರು ದೇಶಗಳು ಪ್ರತಿವರ್ಷ ಆಡುವ ಅದೇ ಸಿಕ್ಸ್ ನೇಷನ್ಸ್‌ನಲ್ಲಿ 2024 ಮತ್ತು 2025ರಲ್ಲಿ ಐದಕ್ಕೆ ಐದೂ ಸೋತು ಕೊನೆಯ ಸ್ಥಾನಕ್ಕೆ ಇಳಿದದ್ದನ್ನೂ ಕಂಡಿರಿ. ಇಷ್ಟು ಎತ್ತರದಿಂದ ಬಿದ್ದದ್ದನ್ನು ಹತ್ತಿರದಿಂದ ನೋಡಿದವರಿಗೆ ಸಿಟ್ಟು ಬರುವುದು ಸಹಜ.

ಆ ಸಿಟ್ಟಿಗೆ ಕಾರಣಗಳೂ ಇವೆ. ಇದು ಒಂದು ರಾತ್ರಿಯ ಮಳೆಗೆ ಕುಸಿದ ಗೋಡೆಯಲ್ಲ. 2003ರಲ್ಲಿ ಹಳೆಯ ಕ್ಲಬ್ಬುಗಳ ಮೇಲೆ ಐದು ಪ್ರಾದೇಶಿಕ ತಂಡಗಳನ್ನು ಕಟ್ಟಿ, ಮರುವರ್ಷವೇ ಒಂದನ್ನು ಮುಚ್ಚಿದರು. ಉಳಿದ ನಾಲ್ಕು ತಂಡಗಳಿಗೆ ಹಣ ಹೇಗೆ ಹಂಚಬೇಕೆಂಬ ಜಗಳ ಇಪ್ಪತ್ತು ವರ್ಷ ಕಳೆದರೂ ತೀರಲಿಲ್ಲ. 2023ರ ಫೆಬ್ರವರಿಯಲ್ಲಿ ತಮ್ಮ ಒಪ್ಪಂದಗಳ ಗತಿ ಏನೆಂದು ತಿಳಿಯದೆ ಆಟಗಾರರೇ ಇಂಗ್ಲೆಂಡ್ ಪಂದ್ಯಕ್ಕೆ ಮುಷ್ಕರ ಹೂಡುವ ಮಟ್ಟಕ್ಕೆ ಹೋದರು. ಆಲನ್ ವಿನ್ ಜೋನ್ಸ್, ಜಸ್ಟಿನ್ ಟಿಪ್ಯೂರಿಕ್, ಡ್ಯಾನ್ ಬಿಗ್ಗರ್, ಜಾರ್ಜ್ ನಾರ್ತ್ ಅವರಂಥವರು ಒಂದೆರಡು ವರ್ಷದೊಳಗೆ ಒಬ್ಬರ ಹಿಂದೊಬ್ಬರು ರಾಷ್ಟ್ರೀಯ ತಂಡದಿಂದ ನಿವೃತ್ತರಾದಾಗ ಆ ಜಾಗಕ್ಕೆ ಬರಬೇಕಾದ ಪೀಳಿಗೆ ಸಿದ್ಧವಾಗಿರಲಿಲ್ಲ. ನೀವು ಹೇಳಿದ 73–0ರ ಪಂದ್ಯವನ್ನಂತೂ ಅಂತರರಾಷ್ಟ್ರೀಯ ಪಂದ್ಯಗಳಿಗೆಂದು ಮೀಸಲಾದ ದಿನಗಳ ಹೊರಗೆ ಏರ್ಪಡಿಸಿದ್ದರಿಂದ, ಇಂಗ್ಲೆಂಡಿನ ಕ್ಲಬ್ಬುಗಳಲ್ಲಿ ಆಡುವ ವೇಲ್ಸ್ ಆಟಗಾರರು ಆ ದಿನ ಸಿಗಲೇ ಇಲ್ಲ. ವಿಶ್ವ ಚಾಂಪಿಯನ್ನರ ಎದುರಿಗೆ ಅರ್ಧ ಬಲದ ತಂಡವನ್ನು ನಿಲ್ಲಿಸಿ ಟಿಕೆಟ್ ಮಾರಿದ್ದು ಆಟಗಾರರಿಗೂ ಪ್ರೇಕ್ಷಕರಿಗೂ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇದರ ಮೇಲೆ, ನಾಲ್ಕು ತಂಡಗಳನ್ನು ಮೂರಕ್ಕೆ ಇಳಿಸುವ ತೀರ್ಮಾನ 2025ರ ಅಕ್ಟೋಬರ್‌ನಲ್ಲಿ ಹೊರಬಿತ್ತು. ಪಶ್ಚಿಮ ಭಾಗಕ್ಕೆ ಒಂದೇ ತಂಡ ಎಂದರೆ ಸ್ವಾನ್ಸೀಯ ಆಸ್ಪ್ರೀಸ್ ಉಳಿಯಬೇಕೇ, ಲನೆಲ್ಲಿಯ ಸ್ಕಾರ್ಲೆಟ್ಸ್ ಉಳಿಯಬೇಕೇ ಎಂಬ ಪ್ರಶ್ನೆ. ಸ್ವಾನ್ಸೀ ಪಕ್ಕದಲ್ಲಿ ಮನೆ ಮಾಡಿದ ನೀವೂ ಲನೆಲ್ಲಿಯ ಗೆಲುವನ್ನು ಐವತ್ಮೂರು ವರ್ಷ ಎದೆಯಲ್ಲಿ ಇಟ್ಟುಕೊಂಡ ನಿಮ್ಮ ಮಾವನೂ ಒಂದೇ ಊಟದ ಮೇಜಿಗೆ ಕೂತರೆ ಆ ಪ್ರಶ್ನೆ ಎಷ್ಟು ಭಾರವಾಗಿರುತ್ತದೆಂದು ಊಹಿಸಬಲ್ಲೆ.

ಇಷ್ಟೆಲ್ಲ ಒಪ್ಪಿಕೊಂಡ ಮೇಲೆ ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಸಿಟ್ಟು ಯಾರ ಮೇಲೆ ಎಂಬುದನ್ನು ನೀವು ಸ್ಪಷ್ಟವಾಗಿ ಬರೆದಿದ್ದೀರಿ: ಯೂನಿಯನ್ನಿನ ಮೇಲೆ. ಆದರೆ ಅದು ಹೋಗಿ ತಗುಲಿದ್ದು ಯಾರಿಗೆ? ಮೊದಲು ಹನ್ನೊಂದು-ಹನ್ನೆರಡರ ಹುಡುಗನಿಗೆ, ಆಮೇಲೆ ಎಂಬತ್ತರ ಹತ್ತಿರದ ಮುದುಕರಿಗೆ. ಯೂನಿಯನ್ನಿನ ಕಚೇರಿಗೆ ನೀವು ಒಂದು ಪತ್ರ ಬರೆದ ಸುದ್ದಿಯೂ ನನಗೆ ಕಾಣಲಿಲ್ಲ. ನಿಮ್ಮ ಹಣ ಬರದಿರುವುದು ಅವರ ಗಮನಕ್ಕೆ ಬಂದಿರಲಾರದು. ನಿಮ್ಮ ಸೀಟು ಖಾಲಿಯಾದದ್ದು ನಿಮ್ಮ ಮಾವನಿಗೆ ಮಾತ್ರ ಗೊತ್ತಾಯಿತು.

ಆ ಫೋನಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನಿಮ್ಮ ಪತ್ರದ ನಿಜವಾದ ಗಾಯ ಇರುವುದು ಅಲ್ಲಿ. 2025ರ ನವೆಂಬರ್ 15ರ ಆ ಸಂಜೆ ವೇಲ್ಸ್ 21–23ರಿಂದ ಹಿಂದಿತ್ತು. ಪಂದ್ಯ ಮುಗಿಯುವ ಕೊನೆಯ ಕ್ಷಣದಲ್ಲಿ ಪೆನಾಲ್ಟಿ ಸಿಕ್ಕಿತು. ಬದಲಿ ಆಟಗಾರನಾಗಿ ಇಳಿದಿದ್ದ ಜ್ಯಾರಡ್ ಎವಾನ್ಸ್ ಒದ್ದ ಆ ಪಂದ್ಯದ ಕಟ್ಟಕಡೆಯ ಚೆಂಡು ಕಂಬಗಳ ನಡುವೆ ಹಾದುಹೋಯಿತು. ಎರಡು ವರ್ಷಕ್ಕೂ ಮಿಕ್ಕಿದ ಕಾಲದ ನಂತರ ಕಾರ್ಡಿಫ್‌ನಲ್ಲಿ ಕಂಡ ಮೊದಲ ಗೆಲುವು ಅದು. ಜುಲೈನಲ್ಲಿ ಆಯ್ಕೆಯಾದ ಹೊಸ ಕೋಚ್, ನಿಮ್ಮ ಪಕ್ಕದ ಟೊನ್ಮಾರ್ ಊರಿನ ಸ್ಟೀವ್ ಟ್ಯಾಂಡಿಗೆ ಸಿಕ್ಕ ಮೊದಲ ಗೆಲುವೂ ಹೌದು. ಮನೆಯಲ್ಲಿ ಒಬ್ಬರೇ ಕೂತು ಅದನ್ನು ನೋಡಿದ ಹಿರಿಯರು, ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವನಿಗೆ ಅದನ್ನು ಹೇಳದೆ ಇರಲಾರದೆ ಫೋನ್ ಎತ್ತಿದರು. ಜಪಾನ್ ದೊಡ್ಡ ತಂಡವೇ, ಒಂದು ಅಂಕ ಸಾಕೇ ಎಂಬ ಲೆಕ್ಕ ಅವರಿಗೂ ಗೊತ್ತಿತ್ತು. ನಿಮಗಿಂತ ಚೆನ್ನಾಗಿಯೇ ಗೊತ್ತಿತ್ತು. ಅವರು ಆ ಲೆಕ್ಕ ಒಪ್ಪಿಸಲು ಫೋನ್ ಮಾಡಿರಲಿಲ್ಲ. ನೀವು ಅಂದು ಆಡಿದ ಮಾತು ತಪ್ಪು, ಡಾಕ್ಟರೇ. ಆಮೇಲೆ ಬಂದ 73–0 ಆ ಮಾತನ್ನು ಸರಿ ಮಾಡುವುದಿಲ್ಲ. "ನನ್ನ ಮಾತೇ ನಿಜವಾಯಿತು" ಎಂದು ಬರೆದ ಸಾಲನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ: ನಿಮ್ಮ ತಂಡ ಸೋತ ದಿನ ನಿಮಗೆ ಗೆದ್ದಂತಾಗಿದೆ. ಆಟವನ್ನು ಪ್ರೀತಿಸುವವನಿಗೆ ಬರಬಾರದ ಸ್ಥಿತಿ ಅದು, ಮತ್ತು ನಿಮ್ಮನ್ನು ನಿಜವಾಗಿ ಕಾಡುತ್ತಿರುವುದೂ ಅದೇ ಎಂದು ನನಗನ್ನಿಸುತ್ತದೆ.

ಯಾರದೋ ಸೋಲು ಏಕೆ ಕಾಡುತ್ತದೆ ಎಂದು ಕೇಳಿದ್ದೀರಿ. "ಯಾರದೋ" ಎಂದು ಬರೆದ ನೀವೇ ಪತ್ರದ ಉಳಿದೆಡೆ "ನಮ್ಮನ್ನು ಸೋಲಿಸಿತು", "ನಮ್ಮ ಮೈದಾನದಲ್ಲೇ" ಎಂದಿದ್ದೀರಿ. ದಾವಣಗೆರೆಯಿಂದ ಬಂದ ಯುವ ವೈದ್ಯನೊಬ್ಬ ಆ ಕಣಿವೆಗೆ ಸೇರಿದವನಾದದ್ದು ಪಾಸ್‌ಪೋರ್ಟಿನಿಂದಲ್ಲ. ಸೋಮವಾರ ಬೆಳಿಗ್ಗೆ ರೋಗಿ ಒಳಗೆ ಬಂದು ಎದೆನೋವು ಹೇಳುವ ಮೊದಲು "ಶನಿವಾರ ನೋಡಿದಿರಾ ಡಾಕ್ಟರ್?" ಎಂದು ಕೇಳುವಂತಾದ ದಿನ ನೀವು ಅಲ್ಲಿಯವರಾದಿರಿ. ಆ ಬಾಗಿಲನ್ನು ತೆರೆದದ್ದು ವೇಲ್ಸ್ ತಂಡದ ಕೆಂಪು ಜೆರ್ಸಿ. ಬಾಗಿಲವರೆಗೆ ಕೈಹಿಡಿದು ತಂದದ್ದು ನಿಮ್ಮ ಮಾವ. ಮೊದಲ ದಿನವೇ ಅವರು ನಿಮಗೆ ತೋರಿಸಿದ್ದು 32–20ರ ಗೆಲುವನ್ನು, 1978ರ ನಂತರದ ಮೊದಲ ಗ್ರ್ಯಾಂಡ್ ಸ್ಲ್ಯಾಮನ್ನು. ಹಾಗಾಗಿ ಈ ತಂಡ ಗೆಲ್ಲುವುದೇ ಸಹಜ, ಸೋಲುವುದು ಯಾರೋ ಮಾಡಿದ ದ್ರೋಹ ಎಂಬಂತೆ ನಿಮ್ಮ ಮನಸ್ಸು ರೂಪುಗೊಂಡಿದ್ದರೆ ಆಶ್ಚರ್ಯವಿಲ್ಲ.

ನಿಮ್ಮ ಮಾವನ ಮನಸ್ಸು ಬೇರೆ ರೀತಿಯಲ್ಲಿ ಪಳಗಿದೆ. ಎಪ್ಪತ್ತರ ದಶಕದಲ್ಲಿ ಗ್ಯಾರೆತ್ ಎಡ್ವರ್ಡ್ಸ್, ಬ್ಯಾರಿ ಜಾನ್, ಜೆ.ಪಿ.ಆರ್. ವಿಲಿಯಮ್ಸ್ ಅವರಂಥವರ ಆಟ ನೋಡಿ ಬೆಳೆದವರು, 1991ರ ವಿಶ್ವಕಪ್‌ನಲ್ಲಿ ಕಾರ್ಡಿಫ್‌ನಲ್ಲೇ ವೆಸ್ಟರ್ನ್ ಸಮೋವಾಕ್ಕೆ 13–16ರಿಂದ ಸೋತದ್ದನ್ನು ಸಹಿಸಿದರು. 1998ರಲ್ಲಿ ಪ್ರಿಟೋರಿಯಾದಲ್ಲಿ ದಕ್ಷಿಣ ಆಫ್ರಿಕಾ 96–13ರಿಂದ ಬಡಿದದ್ದನ್ನೂ ಕೇಳಿದರು. 1978ರಿಂದ 2005ರವರೆಗಿನ ಇಪ್ಪತ್ತೇಳು ವರ್ಷಗಳಲ್ಲಿ ಅವರು ಎಷ್ಟು ಶನಿವಾರ ತಲೆ ತಗ್ಗಿಸಿಕೊಂಡು ರೈಲು ಹತ್ತಿ ಊರಿಗೆ ಮರಳಿರಬಹುದು? ಆ ಕಾಲದ ಬಗ್ಗೆ ನೀವು ಅವರನ್ನು ಎಂದಾದರೂ ಕೇಳಿದ್ದೀರಾ? 1972ರ ಗೆಲುವಿನ ಕತೆ ನೀವು ನೂರು ಸಲ ಕೇಳಿರಬಹುದು. ತೊಂಬತ್ತರ ದಶಕದ ಕತೆಯನ್ನು ಅವರಾಗಿಯೇ ಹೇಳಲಾರರು.

ಇನ್ನು ನಿಮ್ಮ ನಿರ್ಧಾರದ ಮಾತು. ಅದನ್ನು ಬಿಟ್ಟುಬಿಡಿ ಎನ್ನುವುದಿಲ್ಲ; ಸರಿಯಾದ ಜಾಗಕ್ಕೆ ಒಯ್ಯಿರಿ ಎನ್ನುತ್ತೇನೆ. ವೆಲ್ಷ್ ರಗ್ಬಿ ಯೂನಿಯನ್ ಎಂಬುದು ಎಲ್ಲೋ ಮೇಲೆ ತೇಲುವ ಕಂಪನಿಯಲ್ಲ, ಅದು ಊರೂರಿನ ಸದಸ್ಯ ಕ್ಲಬ್ಬುಗಳ ಸಂಸ್ಥೆ, ಮತ್ತು ಆ ಕ್ಲಬ್ಬುಗಳಿಗೆ ಮತವಿದೆ. ಆಡಳಿತ ಮಂಡಳಿಯನ್ನು ಬದಲಿಸುವ ಸುಧಾರಣೆ ಬೇಕಾದ ಮುಕ್ಕಾಲು ಪಾಲು ಮತ ಸಿಗದೆ 2022ರಲ್ಲಿ ಬಿದ್ದುಹೋಯಿತು. 2023ರ ಮಾರ್ಚ್‌ನಲ್ಲಿ ಅದೇ ಕ್ಲಬ್ಬುಗಳು ಭಾರೀ ಬಹುಮತದಿಂದ ಅಂಥ ಸುಧಾರಣೆಯನ್ನು ಅಂಗೀಕರಿಸಿದವು. ನಿಮ್ಮ ಮಾವ ಟಿಕೆಟ್ ತಂದ ಆ ಊರಿನ ಕ್ಲಬ್ಬೂ ಸದಸ್ಯ ಕ್ಲಬ್ಬಾಗಿದ್ದರೆ ಅದಕ್ಕೂ ಅಂಥದೇ ಒಂದು ಮತ ಇರುತ್ತದೆ. ನೀವು ಸದಸ್ಯರಲ್ಲದಿದ್ದರೆ ಸದಸ್ಯರಾಗಿ, ವಾರ್ಷಿಕ ಸಭೆಗೆ ಹೋಗಿ, ದಕ್ಷಿಣ ಆಫ್ರಿಕಾ ಪಂದ್ಯವನ್ನು ಆ ದಿನ ಏಕೆ ಇಟ್ಟರು, ಪಶ್ಚಿಮದ ತಂಡವನ್ನು ಯಾವ ಆಧಾರದ ಮೇಲೆ ಆರಿಸುತ್ತಾರೆ, ಹದಿನೆಂಟು-ಇಪ್ಪತ್ತರ ಹುಡುಗರು ಇಂಗ್ಲೆಂಡಿಗೆ ಹೋಗದಂತೆ ಏನು ಮಾಡುತ್ತಿದ್ದಾರೆ ಎಂದು ಎದ್ದು ನಿಂತು ಕೇಳಿ. ಊರಿನ ವೈದ್ಯರ ಮಾತಿಗೆ ಅಲ್ಲಿ ತೂಕವಿರುತ್ತದೆ.

ಮಾರ್ಚ್‌ನ ಪಂದ್ಯಕ್ಕೆ ಮಾತ್ರ ಹೋಗಿ. ಆ ಟಿಕೆಟ್‌ಗಳ ಹಣ ಆಗಲೇ ಸಂದಾಯವಾಗಿದೆ. ನೀವು ಮನೆಯಲ್ಲಿ ಉಳಿದರೆ ಯೂನಿಯನ್ನಿಗೆ ಒಂದು ಪೆನ್ನಿ ಕಡಿಮೆಯಾಗುವುದಿಲ್ಲ, ಮೆಟ್ಟಿಲು ಹತ್ತುವಾಗ ನಿಮ್ಮ ಮಾವನಿಗೆ ಹಿಡಿಯಲು ಒಂದು ತೋಳು ಕಡಿಮೆಯಾಗುತ್ತದೆ. ಹೋದ ಮೇಲೆ ಅರೆಮನಸ್ಸಿನಿಂದ ಕೂರಬೇಡಿ. ಇಟಲಿಯೂ ಈಗ ಸುಲಭದ ತಂಡವಲ್ಲ. 2024ರಲ್ಲಿ ಕಾರ್ಡಿಫ್‌ಗೆ ಬಂದು 24–21ರಿಂದ ಗೆದ್ದ ತಂಡ ಅದು, 2025ರ ಫೆಬ್ರವರಿಯಲ್ಲಿ ರೋಮ್‌ನಲ್ಲಿ ಅದಕ್ಕೆ ಸೋತ ಮೂರೇ ದಿನಕ್ಕೆ ವಾರನ್ ಗ್ಯಾಟ್‌ಲ್ಯಾಂಡ್ ವೇಲ್ಸ್ ತಂಡದ ಕೋಚ್ ಹುದ್ದೆಯಿಂದ ಇಳಿದರು. ಸೋಲಬಹುದು ಎಂದು ತಿಳಿದೇ ಹೋಗಿ, ಸೋತರೆ ರೈಲಿನಲ್ಲಿ ಯೂನಿಯನ್ನಿನ ಭಾಷಣ ಮಾಡಬೇಡಿ. ಮೈದಾನದಲ್ಲಿ ಕೆಂಪು ಜೆರ್ಸಿ ತೊಟ್ಟು ಇಳಿಯುವವರಲ್ಲಿ ಹಲವರು ಇಪ್ಪತ್ತು ದಾಟಿದ ಹುಡುಗರು. ಅವರು ಈ ವ್ಯವಸ್ಥೆಯನ್ನು ಕಟ್ಟಿದವರಲ್ಲ.

ಮಗನ ವಿಷಯ ಬೇರೆ. ಅವನಿಗೆ ಟಿಕೆಟ್ ಇದೆ ಎಂದ ಮಾತ್ರಕ್ಕೆ ಎಳೆದುಕೊಂಡು ಹೋಗಬೇಡಿ. ನಾಲ್ಕು ಗ್ರ್ಯಾಂಡ್ ಸ್ಲ್ಯಾಮ್‌ಗಳಲ್ಲಿ ಮೂರು ಅವನು ಹುಟ್ಟುವ ಮೊದಲೇ ಮುಗಿದಿದ್ದವು, ನಾಲ್ಕನೆಯದು ಬಂದಾಗ ಅವನಿಗೆ ಐದಾರು ವರ್ಷ. ಅವನು ಮೈದಾನಕ್ಕೆ ಬರತೊಡಗಿದಾಗಿನಿಂದ ಕಂಡದ್ದು ಬರೀ ಸೋಲು, ಅದರ ಕೊನೆಗೆ ಸಾವಿರಾರು ಜನರ ನಡುವೆ ಅಪ್ಪನ ಬೈಗುಳ. ಎದ್ದು ಹೋಗೋಣ ಎಂದದ್ದು ಅವನ ಅಪರಾಧವಲ್ಲ. ಅಂದು ನಿಮಗೂ ಹಾಗೇ ಅನಿಸಿತ್ತು, ಅವನು ಬಾಯಿಬಿಟ್ಟು ಹೇಳಿದ ಅಷ್ಟೆ. ಹತ್ತಿರ ಕೂರಿಸಿಕೊಂಡು "ಅಂದು ನಿನ್ನ ಮೇಲೆ ಕೂಗಾಡಿದ್ದು ನನ್ನ ತಪ್ಪು" ಎಂದು ನೇರವಾಗಿ ಹೇಳಿ, "ಆದರೆ" ಸೇರಿಸಬೇಡಿ. ಬರುತ್ತೀಯಾ ಎಂದು ಕೇಳಿ. ಬರಲೊಲ್ಲೆ ಎಂದರೆ ಮೂರನೆಯ ಟಿಕೆಟನ್ನು ಹೆಂಡತಿಗೆ ಕೊಡಿ. ಎಷ್ಟೆಂದರೂ ಆಕೆಯ ತಂದೆ ಅವರು.

ಇಟಲಿ ಪಂದ್ಯದವರೆಗೂ ಕಾಯಬೇಡಿ. ಈ ವಾರವೇ ಮಾವನಿಗೆ ನೀವಾಗಿಯೇ ಫೋನ್ ಮಾಡಿ. ಟಿಕೆಟ್ ವಿಷಯ ಆಮೇಲೆ ಬರಲಿ. ಮೊದಲು ಜಪಾನ್ ಪಂದ್ಯದ ಆ ಕೊನೆಯ ಕಿಕ್ ಹೇಗಿತ್ತು ಎಂದು ಕೇಳಿ, ಅವರು ಪೂರ್ತಿ ಹೇಳಿ ಮುಗಿಸುವವರೆಗೆ ಫೋನ್ ಇಡಬೇಡಿ.