ಮನೆಯ ಎರಡು ಕಂಪ್ಯೂಟರ್‌ಗಳ ನಡುವೆ ಫೋಲ್ಡರ್ ತೆರೆಯದಿದ್ದರೆ ಫೈರ್‌ವಾಲ್ ತೆಗೆಯಬೇಕೇ?

ಹೊರಗಿನ ಅನಗತ್ಯ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ತೆಗೆಯಬೇಡಿ, ವಿಂಡೋಸ್ ಕಂಪ್ಯೂಟರ್‌ಗಳು ಫೋಲ್ಡರ್ ಹಂಚಿಕೊಳ್ಳುವ ಹಳೆಯ ವಿಧಾನವಾದ ಎಸ್‌ಎಂಬಿ 1 ಅನ್ನು ಆನ್ ಮಾಡುವ ಯೋಚನೆಯನ್ನೂ ಬಿಡಿ. ಮೇಲಿನ ಮಹಡಿಯ ಕಂಪ್ಯೂಟರ್ ಕೆಳಗಿನದರಲ್ಲಿ ಕಾಣುತ್ತಿಲ್ಲ, ಆದರೆ ಎರಡಕ್ಕೂ ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ ಎಂದು ನೀವು ಬರೆದಿದ್ದೀರಿ. ನಮ್ಮ ಮನೆಯಲ್ಲಿಯೂ ಇದೇ ಆಗಿತ್ತು.

ಬೆಳಗಾವಿಯ ವಡಗಾವಿಯಲ್ಲಿ ನಮ್ಮದು ನೇಕಾರರ ಮನೆ. ಮಗ್ಗಗಳು ಮತ್ತು ಲೆಕ್ಕಪತ್ರದ ಕಂಪ್ಯೂಟರ್ ಕೆಳಗಿವೆ; ಸೀರೆಯ ವಿನ್ಯಾಸ ಮಾಡುವ ಕಂಪ್ಯೂಟರ್ ಮೇಲಿನ ಕೋಣೆಯಲ್ಲಿದೆ. ನನ್ನ ತಮ್ಮ ಮೇಲಿನ ಕೋಣೆಯಲ್ಲಿ ಸಿದ್ಧಪಡಿಸಿದ ಫೈಲನ್ನು ನಾನು ಕೆಳಗೆ ತೆರೆದು ನೋಡಿ, ಆಮೇಲೆ ಮಗ್ಗದಲ್ಲಿ ವಿನ್ಯಾಸ ಮೂಡಿಸುವ ಎಲೆಕ್ಟ್ರಾನಿಕ್ ಜಕಾರ್ಡಿಗೆ ಹಾಕುತ್ತೇನೆ. ಮೇಲಕ್ಕೆ ವೈಫೈ ಸಾಲುವುದಿಲ್ಲವೆಂದು ಎರಡನೆಯ ರೌಟರ್ ಹಾಕಿಸಿದ ಮೇಲೆ ಆ ಫೋಲ್ಡರ್ ಕೆಳಗೆ ತೆರೆಯುವುದೇ ನಿಂತುಹೋಯಿತು. ಪಾಸ್‌ವರ್ಡ್ ಬದಲಿಸಿದೆವು, ಫೋಲ್ಡರಿಗೆ ಎಲ್ಲರಿಗೂ ಪೂರ್ಣ ಅನುಮತಿ ಕೊಟ್ಟೆವು, ಫೈರ್‌ವಾಲ್ ಕೂಡ ತೆಗೆದೆವು, ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಕೊನೆಗೆ ಪೆನ್‌ಡ್ರೈವಿನಲ್ಲಿ ಫೈಲ್ ಒಯ್ಯತೊಡಗಿದಾಗ, ತಮ್ಮ ತಿದ್ದುವ ಮೊದಲಿನ ಸೆರಗಿನ ಫೈಲೇ ಮಗ್ಗಕ್ಕೆ ಹೋಗಿ, ನೇಯ್ದ ಸೀರೆಗಳನ್ನು ವ್ಯಾಪಾರಿ ಹಿಂದಿರುಗಿಸಿದರು.

ದೋಷವಿದ್ದುದು ಕೇಬಲ್ ಚುಚ್ಚಿದ ಜಾಗದಲ್ಲಿ. ಕೆಳಗಿನ ರೌಟರಿನಿಂದ ಬಂದ ಕೇಬಲನ್ನು ಮೇಲಿನ ರೌಟರಿನ ವ್ಯಾನ್ (WAN) ಪೋರ್ಟಿಗೆ, ಅಂದರೆ ಹೊರಗಿನ ಇಂಟರ್ನೆಟ್ ಬರುವ ಕಿಂಡಿಗೆ, ಹಾಕಲಾಗಿತ್ತು. ಹಾಗೆ ಹಾಕಿದಾಗ ಎರಡನೆಯ ರೌಟರ್ ಮೊದಲನೆಯದರ ವೈಫೈಯನ್ನು ವಿಸ್ತರಿಸುವುದಿಲ್ಲ, ತನ್ನದೇ ಬೇರೆ ನೆಟ್‌ವರ್ಕನ್ನು ಕಟ್ಟಿಕೊಳ್ಳುತ್ತದೆ. ಕೆಳಗಿನ ಕಂಪ್ಯೂಟರಿನ ವಿಳಾಸ 192.168.1 ಎಂದೂ ಮೇಲಿನದು 192.168.0 ಎಂದೂ ಆರಂಭವಾಗುತ್ತಿದ್ದವು. ಮೇಲಿನಿಂದ ಹೊರಟ ಕೋರಿಕೆಯನ್ನು ಆ ರೌಟರ್ ಹೊರಗೆ ಬಿಡುತ್ತದೆ, ಉತ್ತರವನ್ನೂ ಒಳಗೆ ತರುತ್ತದೆ; ಆದ್ದರಿಂದಲೇ ಇಂಟರ್ನೆಟ್‌ಗೆ ಯಾವ ತೊಂದರೆಯೂ ಆಗುವುದಿಲ್ಲ, ಯಾರಿಗೂ ಸಂಶಯ ಬರುವುದಿಲ್ಲ. ಆದರೆ ಹೊರಗಿನಿಂದ ತಾನಾಗಿ ಬರುವ ಕೋರಿಕೆಯನ್ನು ಅದು ತಡೆಯುತ್ತದೆ, ಮತ್ತು ಅದರ ದೃಷ್ಟಿಯಲ್ಲಿ ನಮ್ಮ ಕೆಳಗಿನ ಕೋಣೆಯೇ ಹೊರಗು. ಕಂಪ್ಯೂಟರ್‌ಗಳು ಪರಸ್ಪರ ಹುಡುಕಲು ಕಳಿಸುವ ಸಂದೇಶಗಳೂ ಈ ಗಡಿಯನ್ನು ದಾಟುವುದಿಲ್ಲ. ಹೀಗಿರುವಾಗ ವಿಂಡೋಸ್‌ನ ಯಾವ ಅನುಮತಿಯನ್ನು ಸಡಿಲಿಸಿದರೂ ಫಲವಿಲ್ಲ.

ನೀವು ಮೊದಲು ಎರಡೂ ಕಂಪ್ಯೂಟರ್‌ಗಳ ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಎಂಬ ಆದೇಶ ಕೊಟ್ಟು ಐಪಿವಿ4 ವಿಳಾಸಗಳನ್ನು ಹೋಲಿಸಿ. ಮೊದಲ ಮೂರು ಸಂಖ್ಯೆಗಳು ಬೇರೆಯಾಗಿದ್ದರೆ ಎರಡನೆಯ ರೌಟರನ್ನು, ಬೇರೆ ನೆಟ್‌ವರ್ಕ್ ಕಟ್ಟದೆ ಮೊದಲನೆಯದನ್ನೇ ವಿಸ್ತರಿಸುವ ಆಕ್ಸೆಸ್ ಪಾಯಿಂಟ್ ಮೋಡಿಗೆ ಬದಲಿಸಿ. ಆ ಸೌಲಭ್ಯ ಇಲ್ಲದಿದ್ದರೆ ಅದರ ಡಿಎಚ್‌ಸಿಪಿ (ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಮೊದಲ ರೌಟರಿನ ವಿಳಾಸಗಳ ಸಾಲಿನಲ್ಲಿ ಯಾರೂ ಬಳಸದ ಒಂದು ವಿಳಾಸವನ್ನು ಅದಕ್ಕೆ ಕೊಟ್ಟು, ಕೇಬಲನ್ನು ಒಳಗಿನ ಕಂಪ್ಯೂಟರ್‌ಗಳಿಗಾಗಿ ಇರುವ ಲ್ಯಾನ್ (LAN) ಪೋರ್ಟಿಗೆ ಹಾಕಿ. ನಮ್ಮ ತೊಂದರೆ ಅಲ್ಲಿಗೇ ತೀರಿತು.

ಎಸ್‌ಎಂಬಿ 1 ಬಗ್ಗೆ ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣವಿದೆ. 2017ರ ಮೇ ತಿಂಗಳಿನಲ್ಲಿ ಫೈಲುಗಳನ್ನು ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಹಬ್ಬಿದ್ದು ಅದರಲ್ಲಿನ ದೋಷದ ಮೂಲಕವೇ. ಅದೇ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ವಿಂಡೋಸ್ ಹಾಕಿದಾಗ ಎಸ್‌ಎಂಬಿ 1ರ ಸರ್ವರ್ ಭಾಗ (ಫೋಲ್ಡರ್ ಹಂಚುವ ಭಾಗ) ತಾನಾಗಿ ಬರುವುದಿಲ್ಲ. ನಿಮ್ಮ ಎರಡು ಕಂಪ್ಯೂಟರ್‌ಗಳೂ ಹೊಸ ಎಸ್‌ಎಂಬಿಯಲ್ಲೇ ಮಾತಾಡಬಲ್ಲವು. ಮನೆಯ ಕಂಪ್ಯೂಟರ್‌ಗಳು ಫೈಲ್ ಹಂಚಿಕೊಳ್ಳಲು ವಿಂಡೋಸ್‌ನಲ್ಲಿದ್ದ ಹೋಮ್‌ಗ್ರೂಪ್ ಮಾಡಿ ಎಂಬ ಸಲಹೆಯೂ ಹಳೆಯದಾಯಿತು, ಅದನ್ನು 2018ರಲ್ಲೇ ತೆಗೆದುಹಾಕಲಾಗಿದೆ.

ಮೂರು ಸಂಖ್ಯೆಗಳೂ ಒಂದೇ ಆಗಿದ್ದು ಫೋಲ್ಡರ್ ತೆರೆಯದಿದ್ದರೆ, ಯಾವುದಾದರೂ ಒಂದು ಕಂಪ್ಯೂಟರ್ ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ಬೇರೆಯಾಗಿಟ್ಟ ವೈಫೈಗೆ) ಸೇರಿದೆಯೇ ಎಂದು ನೋಡಿ. ಎರಡರಲ್ಲೂ ನೆಟ್‌ವರ್ಕನ್ನು ಪ್ರೈವೇಟ್, ಅಂದರೆ ನಂಬಿಕೆಯ ಮನೆಯ ನೆಟ್‌ವರ್ಕ್, ಎಂದು ಗುರುತಿಸಿ. ನೆಟ್‌ವರ್ಕ್ ವಿಂಡೋದಲ್ಲಿ ಹೆಸರು ಕಾಣಲೆಂದು ಕಾಯದೆ, ವಿಂಡೋಸ್ ಮತ್ತು R ಕೀ ಒಟ್ಟಿಗೆ ಒತ್ತಿದಾಗ ಬರುವ ರನ್ ಪೆಟ್ಟಿಗೆಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ (\\) ಹಾಕಿ ಮೇಲಿನ ಕಂಪ್ಯೂಟರಿನ ವಿಳಾಸವನ್ನು ನೇರವಾಗಿ ಬರೆಯಿರಿ. ಹೆಸರು ಮತ್ತು ಪಾಸ್‌ವರ್ಡ್ ಕೇಳಿದಾಗ ಪಿನ್ ನಡೆಯುವುದಿಲ್ಲ. ಆದ್ದರಿಂದ ಮೇಲಿನ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಪ್ರತ್ಯೇಕ ಬಳಕೆದಾರ ಖಾತೆಯನ್ನು ತೆರೆದು, ಫೋಲ್ಡರಿನ ಶೇರಿಂಗ್ ಮತ್ತು ಸೆಕ್ಯುರಿಟಿ ಎರಡೂ ಕಡೆ ಆ ಖಾತೆಗೆ ಮಾತ್ರ ಅನುಮತಿ ಸೇರಿಸಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.