ಮಿಷನ್ನಿಗೆ ಬಿದ್ದ ಕೌದಿ

ಹೆಸರು, ಮನೆಯ ವಿವರ ಬದಲಿಸಿ ಬರೆಯುತ್ತಿದ್ದೇನೆ. ಇವರನ್ನು ಅಕ್ಕೋರು ಅಂತ ಕರೆಯೋಣ. ಧಾರವಾಡದ ಕಡೆ ಶಾಲೆ ಟೀಚರಿಗೆ ಹಾಗೇ ಅನ್ನುತ್ತಾರೆ.

ಅಕ್ಕೋರಿಗೆ 67 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡು ನಾಲ್ಕು ವರ್ಷ. ಅದಾದ ವರ್ಷಕ್ಕೆ ಧಾರವಾಡದ ಮನೆ ಬಿಟ್ಟು ಬೆಂಗಳೂರಿಗೆ, ಮಗನ ಫ್ಲ್ಯಾಟಿಗೆ ಬಂದರು. ಜೊತೆಗೆ ಬಂದದ್ದು ಒಂದು ಟ್ರಂಕು, ಒಂದು ಕೌದಿ, ಮತ್ತೆ ಕರಿಯಾ. ಗಂಡ ಸಂತೆಯಿಂದ ಬರುವಾಗ ಚೀಲದಲ್ಲಿ ಹಾಕಿಕೊಂಡು ಬಂದಿದ್ದ ಬೀದಿನಾಯಿ ಮರಿ ಅದು. ಹದಿಮೂರು ವರ್ಷ ಬದುಕಿ, ಕೊನೆಗೆ ಕಿಡ್ನಿ ಕೆಟ್ಟು ಹೋಯಿತು.

ಅವರನ್ನು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಕರೆತಂದದ್ದು ಮಗ. ಬಾಗಿಲಲ್ಲೇ ಹೇಳಿಬಿಟ್ಟರು: "ನಾಯಿ ಹೋಗಿ ಮೂರು ತಿಂಗಳಾಯ್ತು ಮೇಡಂ. ಸಮಾಧಾನ ಆಗ್ತಿದ್ದಾರೆ ಅನ್ನೋಷ್ಟರಲ್ಲಿ, ಒಂದು ಹೊದಿಕೆ ತೊಳೆದಿದ್ದಕ್ಕೆ ಎರಡು ದಿನ ಮಾತೇ ಆಡಿಲ್ಲ."

ಆ ಹೊದಿಕೆ ಕೌದಿ. ಅಕ್ಕೋರ ಅವ್ವ ಹೊಲಿದದ್ದು, ಇದೇ ಮಗ ಹುಟ್ಟಿದಾಗ, ಬಾಣಂತನಕ್ಕೆ. ಹಳೆ ಇಳಕಲ್ ಸೀರೆ, ಅಪ್ಪನ ಧೋತರ, ಯಾರದೋ ಕುಪ್ಪಸದ ಕಣ, ಎಲ್ಲ ಪದರ ಪದರವಾಗಿ ಹಾಕಿ ಸಣ್ಣ ಹೊಲಿಗೆ. ಕೊನೆಯ ಐದಾರು ತಿಂಗಳು ಕರಿಯಾ ಮಲಗಿದ್ದು ಅದರ ಮೇಲೆ. ಅವನು ಹೋದ ಮೇಲೆ ಅಕ್ಕೋರು ಅದನ್ನು ತೊಳೆದಿರಲಿಲ್ಲ, ಕೊಡವಿರಲೂ ಇಲ್ಲ. ಹಬ್ಬದ ಮುಂಚೆ ಮನೆ ಚೊಕ್ಕ ಮಾಡುವಾಗ ಸೊಸೆ ವಾಷಿಂಗ್ ಮಿಷನ್ನಿಗೆ ಹಾಕಿದರು. ನಲವತ್ತು ವರ್ಷದ ಹತ್ತಿಬಟ್ಟೆ, ಮಿಷನ್ ಗಿರಗಿರ ತಿರುಗಿದ್ದಕ್ಕೆ ಹೊಲಿಗೆ ಕಿತ್ತು ಮೂರು ಕಡೆ ಬಾಯಿ ಬಿಟ್ಟಿತು. ವಾಸನೆಯೂ ಹೋಯಿತು.

ಮಗನನ್ನು ಹೊರಗೆ ಕೂರಿಸಿ ಅಕ್ಕೋರ ಜೊತೆ ಮಾತಿಗೆ ಕುಳಿತೆ. ಮೊದಲ ಹತ್ತು ನಿಮಿಷ ಅವರು ನನ್ನ ಮೇಜಿನ ಮೇಲಿನ ಪುಸ್ತಕಗಳನ್ನು ಸರಿ ಮಾಡಿದರು. ಆಮೇಲೆ, "ನಾಯಿ ಸತ್ರ ಯಾರರೆ ಮೂರ್ ತಿಂಗಳ ಅಳ್ತಾರೇನ್ರೀ? ನನಗ ನಾಚಿಕಿ ಆಗ್ತದ" ಅಂದರು.

ಕರಿಯಾ ದಿನವೆಲ್ಲ ಏನು ಮಾಡುತ್ತಿದ್ದ ಅಂತ ಕೇಳಿದೆ. ಸುಮ್ನೆ ಕೇಳಿದ್ದು. ಉತ್ತರ ಮಾತ್ರ ಇಡೀ ಪ್ರಕರಣವನ್ನೇ ಬಿಚ್ಚಿಟ್ಟಿತು.

"ಸಂಜಿ ಆರ ಆತಂದ್ರ ಬಾಗಲ್ದಾಗ ಕುಂದರ್ತಿದ್ದ. ನಮ್ಮ ಮನಿಯವ್ರು ವಾಕಿಂಗ್ ಮುಗಿಸಿ ಬರೋ ಹೊತ್ತದು. ಅವ್ರು ಹೋದ ಮ್ಯಾಲೂ ಕಾಯೋದು ಬಿಡಲಿಲ್ಲ. ಇಲ್ಲಿಗೆ ಬಂದ್ರೂ ಬಿಡಲಿಲ್ಲ. ಲಿಫ್ಟ್ ಸಪ್ಪಳಾದ್ರ ಕಿವಿ ನೆಟ್ಟಗ ಮಾಡ್ತಿದ್ದ."

ಗಂಡ ಹೋದಾಗ ಅಕ್ಕೋರು ಅತ್ತಿರಲಿಲ್ಲ. ಬಂದವರಿಗೆ ಚಹಾ, ದಿನಕರ್ಮದ ಖರ್ಚು, ಪಿಂಚಣಿ ಕಾಗದ, ಮನೆ ಬಾಡಿಗೆಗೆ ಕೊಡುವುದು, ಎಲ್ಲ ಅವರೇ ನೋಡಿಕೊಂಡರು. "ಭಾಳ ಗಟ್ಟಿ ಹೆಣ್ಮಗಳು" ಅಂತ ಊರೆಲ್ಲ ಹೊಗಳಿತು. ಆ ಹೊಗಳಿಕೆ ಎಷ್ಟು ದುಬಾರಿ ಅಂತ ನಮ್ಮ ಕೆಲಸದಲ್ಲಿ ದಿನಾ ಕಾಣುತ್ತದೆ. ಆ ಮನೆಯಲ್ಲಿ ಅವರ ಗಂಡನಿಗಾಗಿ ದಿನವೂ ಕಾಯುತ್ತಿದ್ದವನು ಕರಿಯಾ ಒಬ್ಬನೇ. ಅವನೂ ಹೋದ ಮೇಲೆ ಆರು ಗಂಟೆಗೆ ಕಾಯುವವರು ಯಾರೂ ಉಳಿಯಲಿಲ್ಲ.

ಹೀಗೆ ಬಾಯಿಬಿಟ್ಟು ಹೇಳಲಾಗದ, ಊರು ಒಪ್ಪದ ದುಃಖಕ್ಕೆ ಶೋಕದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ನಾನು ಅದನ್ನು 'ಹಕ್ಕಿಲ್ಲದ ದುಃಖ' ಅನ್ನುತ್ತೇನೆ. ಸಾಕಿದ ಪ್ರಾಣಿಯ ಸಾವು ಅದರಲ್ಲಿ ಮುಖ್ಯವಾದದ್ದು. ಸೂತಕ ಇಲ್ಲ, ರಜೆ ಇಲ್ಲ, ಮಾತಾಡಿಸಲು ಯಾರೂ ಬರುವುದಿಲ್ಲ. ಇದನ್ನು ಹೇಳಿದಾಗ ಅಕ್ಕೋರು ಆ ಎರಡು ಪದವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪರ್ಸಿಗೆ ಹಾಕಿಕೊಂಡರು.

ಕೇಳಲೇಬೇಕಾದ್ದನ್ನು ಕೇಳಿದೆ. ನಿದ್ದೆ ಕಡಿಮೆ, ಊಟ ಅರ್ಧ. ಬದುಕು ಸಾಕು ಅನ್ನಿಸುತ್ತದೆಯಾ ಅಂತ ನೇರವಾಗಿಯೇ ಕೇಳಿದೆ. ಇಲ್ಲ ಅಂದರು. ಖಿನ್ನತೆ ಎಷ್ಟಿದೆ ಅಂತ ನೋಡುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ 27ಕ್ಕೆ 8 ಬಂತು, ಅಂದರೆ ಸೌಮ್ಯ ಮಟ್ಟ. ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ ಅಂತ ಅವರ ಡಾಕ್ಟರ ಹತ್ತಿರ ಕಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11 ಪ್ರಕಾರ ದೀರ್ಘ ಶೋಕವನ್ನು ಕಾಯಿಲೆ ಅನ್ನಲು ಕನಿಷ್ಠ 6 ತಿಂಗಳು ಆಗಿರಬೇಕು. ಅಲ್ಲಿಯೂ ಲೆಕ್ಕಕ್ಕೆ ಬರುವುದು ಮನುಷ್ಯರ ಸಾವು ಮಾತ್ರ! ಇವರ ದುಃಖವನ್ನು ನಾನು ಕಾಯಿಲೆ ಅನ್ನಲಿಲ್ಲ. ಆದರೆ ನಿಮ್ಮಲ್ಲಿ ಯಾರಿಗಾದರೂ ಎರಡು ವಾರಕ್ಕೂ ಜಾಸ್ತಿ ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಿ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನನ್ನ ತಪ್ಪು. ಮನಸ್ಸು ಹಗುರಾಗಲಿ ಅಂತ ಬಣ್ಣ ತುಂಬುವ ಪುಸ್ತಕ, ಬಣ್ಣದ ಪೆನ್ಸಿಲ್ ತೆಗೆದುಕೊಳ್ಳಲು ಹೇಳಿದೆ. ಮುಂದಿನ ವಾರ ಪುಸ್ತಕ ಹಾಗೇ ವಾಪಸ್ ಬಂತು. "ಇದು ಎರಡನೇತ್ತೆ ಹುಡುಗ್ರ ಕೆಲಸರಿ. ಮೂವತ್ ವರ್ಷ ಅವ್ರ ಕೈಲೆ ಮಾಡ್ಸೀನಿ." ನಗು ಬಂತು, ಇಬ್ಬರಿಗೂ. ಕಲೆ ಅಂದರೆ ಹೊಸದಾಗಿ ಏನೋ ಕಲಿಸಬೇಕು ಅಂತ ನಾನು ಅಂದುಕೊಂಡಿದ್ದೆ. ಅವರ ಕೈಯಲ್ಲಿ ಏನಿದೆ ಅಂತ ಕೇಳಿಯೇ ಇರಲಿಲ್ಲ.

ಕೌದಿ ತನ್ನಿ ಅಂದೆ. ತಂದರು. ಮೇಜಿನ ತುಂಬ ಹರಡಿ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಹೇಳತೊಡಗಿದರು. ಇದು ಚಿಕ್ಕವ್ವನ ಮದುವೆ ಸೀರೆಯ ಸೆರಗು. ಇದು ಅಪ್ಪ ಹೊಲಕ್ಕೆ ಉಡುತ್ತಿದ್ದ ಧೋತರ, ಎಷ್ಟು ಒಗೆದರೂ ಮಣ್ಣಿನ ಬಣ್ಣ ಬಿಡಲಿಲ್ಲ. ಈ ನೀಲಿ ಚೌಕಳಿ ಗಂಡನ ಅಂಗಿ, ಮಧ್ಯೆ ಒಮ್ಮೆ ಹರಿದಾಗ ತಾವೇ ತೇಪೆ ಹಾಕಿದ್ದು. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಇಂಥದ್ದೇ ಹೊಲಿಯುತ್ತಾರೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು, ನಾಲ್ಕು ಮೂಲೆಗೂ ಬಟ್ಟೆಯ ಹೂವು ಮಡಚಿ ಇಡುತ್ತಾರೆ. ನನಗೆ ಗೊತ್ತಿದ್ದ ಆ ಒಂದು ವಿಷಯ ಹೇಳಿದ್ದಕ್ಕೆ ಅಕ್ಕೋರು ಹೊಲಿಗೆ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದರು. ಮೂರು ವಾರದಲ್ಲಿ ಅವರ ದನಿ ಏರಿದ್ದು ಅವತ್ತೇ ಮೊದಲು.

ನಾನು ಕೊಟ್ಟ ಸಲಹೆ ಇಷ್ಟು. ಕೌದಿಯನ್ನು ನೀವೇ ರಿಪೇರಿ ಮಾಡಿ. ದಿನಾ ಸಂಜೆ ಆರಕ್ಕೆ ಕೂತುಕೊಳ್ಳಿ, ಇಪ್ಪತ್ತೇ ನಿಮಿಷ. ಆ ಹೊತ್ತಿಗೆ ಟಿವಿ ಹಾಕಿ ಮರೆಯಲು ನೋಡಬೇಡಿ. ಅಳು ಬಂದರೆ ಸೂಜಿ ಪಕ್ಕಕ್ಕಿಟ್ಟು ಅಳಿ, ಆಮೇಲೆ ಬೇಕಾದರೆ ಮುಂದುವರಿಸಿ. ಒಂದೊಂದು ತುಂಡು ಯಾರದು ಅಂತ ಮೊಮ್ಮಗ ಫೋನಿನಲ್ಲಿ ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಲಿ. ಕರಿಯಾನದು ಏನಾದರೂ ಉಳಿದಿದ್ದರೆ ಅದನ್ನೂ ಸೇರಿಸಿ.

ಮಗನಿಗೆ ಬೇರೆ ಹೇಳಿದೆ. ಅವರು ಆಗಲೇ ಒಂದು ಲ್ಯಾಬ್ರಡಾರ್ ಮರಿಗೆ ಮುಂಗಡ ಕೊಡುವವರಿದ್ದರು. ಬೇಡ ಅಂದೆ. ಅವ್ವ ತಾವಾಗಿ ಕೇಳುವ ತನಕ ಮರಿಯ ಮಾತು ಎತ್ತಬೇಡಿ. ಒಂದು ಸಂಜೆ ಬೇಗ ಮನೆಗೆ ಬಂದು, ಅಪ್ಪನ ವಿಷಯ ನೀವೇ ತೆಗೆಯಿರಿ. ನಾಲ್ಕು ವರ್ಷದಿಂದ ಇಬ್ಬರೂ ಒಬ್ಬರಿಗೊಬ್ಬರು ನೋವಾಗದಿರಲಿ ಅಂತ ಆ ಹೆಸರನ್ನೇ ಬಿಟ್ಟಿದ್ದರು.

ಸೊಸೆಯ ಬಗ್ಗೆ ಓದುವವರು ಆಗಲೇ ತೀರ್ಪು ಕೊಟ್ಟಿರುತ್ತೀರಿ, ಅಲ್ವಾ? ನಾನೂ ಒಳಗೊಳಗೇ ಕೊಟ್ಟಿದ್ದೆ. ಅವರು ಬಂದಾಗ ತಿಳಿಯಿತು, ಮಗುವಿಗೆ ಉಬ್ಬಸ, ಕೂದಲಿದ್ದ ಹೊದಿಕೆ ಹಾಲ್‌ನಲ್ಲೇ ಇತ್ತು. ಕರಿಯಾನಿಗೆ ವಾರಕ್ಕೆ ಮೂರು ದಿನ ಡ್ರಿಪ್ ಹಾಕಿಸಲು ಆಫೀಸಿಗೆ ತಡವಾದರೂ ಎತ್ತಿಕೊಂಡು ಹೋದವರು ಇದೇ ಸೊಸೆ. ಫೋನಿನಲ್ಲಿ ಅವನ ವಿಡಿಯೊ ತುಂಬ ಇದ್ದವು. ಅತ್ತೆ ಅಳುತ್ತಾರೆ ಅಂತ ತೋರಿಸಿರಲಿಲ್ಲ. ತೋರಿಸಿ, ಜೊತೆಗೆ ಕೂತು ನೋಡಿ ಅಂದೆ. ಕೌದಿ ವಿಷಯಕ್ಕೆ "ಗೊತ್ತಿರಲಿಲ್ಲ ಅತ್ತೆ" ಅಂತ ಒಂದು ಮಾತು ಸಾಕು, ಕಾರಣಗಳ ಪಟ್ಟಿ ಬೇಡ ಅಂತಲೂ ಅಂದೆ.

ರಿಪೇರಿಗೆ ಏಳು ವಾರ ಹಿಡಿಯಿತು. ಮೊದಲ ವಾರ ಎರಡೇ ದಿನ ಕೂತಿದ್ದರು. ನಡುವೆ ಒಂದು ವಾರ ಏನೂ ಆಗಲಿಲ್ಲ, ಜ್ವರ. ಆಮೇಲೆ ಸೊಸೆ ತನ್ನ ಹಳೆ ಚೂಡಿದಾರದ ಬಟ್ಟೆ ಕೊಟ್ಟರು, ಮೊಮ್ಮಗ ಯೂನಿಫಾರ್ಮ್ ಕೊಟ್ಟ. ಕೆಳಗೆ ಸೆಕ್ಯೂರಿಟಿಯವರು ಅನ್ನ ಹಾಕುವ ಕಂದು ನಾಯಿಯೊಂದಿದೆಯಂತೆ. ಅದಕ್ಕೆ ಅಕ್ಕೋರು ಮೊಸರನ್ನ ಒಯ್ಯತೊಡಗಿದರು. ಹೆಸರು ಮಾತ್ರ ಇಟ್ಟಿಲ್ಲ. ಇಡಬೇಕೆಂದು ನಾನೂ ಹೇಳಲಿಲ್ಲ.

ಕೊನೆಯ ಭೇಟಿಗೆ ಕೌದಿ ಮಡಚಿಕೊಂಡು ಬಂದರು. ಕರಿಯಾನ ಕೆಂಪು ಕೊರಳಪಟ್ಟಿ ಎಲ್ಲೂ ಕಾಣಲಿಲ್ಲ. ಕೇಳಿದೆ. ಒಂದು ಮೂಲೆಯನ್ನು ನನ್ನ ಕೈಗೆ ಕೊಟ್ಟು ಒತ್ತಿ ನೋಡಲು ಹೇಳಿದರು. ಪದರದ ಒಳಗೆ ಬೆರಳಿಗೆ ದಪ್ಪಗೆ ಸಿಕ್ಕಿತು.

"ಒಳಗ ಇಟ್ಟು ಹೊಲದೀನ್ರಿ. ಇನ್ನ ಬೇಕಾದ್ರ ತೊಳೀಲಿ. ಮಿಷನ್ನಿಗೆ ಮಾತ್ರ ಬ್ಯಾಡ, ತಣ್ಣೀರಾಗ ಕೈಲೆ ತೊಳಿ ಅಂತ ಹೇಳೀನಿ."